ಗ್ರೈಂಡರಿನ ಬುಡದ ಮಣೆ

ಮೊನ್ನೆ ಮೇಗುಂದದ ಕಡೆ ಒಂದು ಉಪನಯನದ ಅಡುಗೆ ಮುಗಿಸಿ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದೆ. ಒದ್ದೆ ಇದ್ದಿಲಿನ ವಾಸನೆ ಭುಸ್ಸೆಂದು ಮುಖಕ್ಕೆ ಹೊಡೆಯಿತು. ಜೊತೆಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಹೋದರು, ನಾನು ಅಲ್ಲೇ ನಿಂತೆ. ಆ ವಾಸನೆ ಬಂದಾಗಲೆಲ್ಲ ನನಗೆ ಕರೆಂಟಿನ ಇನ್‌ಸ್ಪೆಕ್ಟರು ನೆನಪಾಗುತ್ತಾರೆ...

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಪಟ್ಟಣಗಳ ಛತ್ರ, ಭವನ, ಹೋಟೆಲುಗಳ ವೈರಿಂಗ್ ಪರೀಕ್ಷೆಯನ್ನು ಅವರೊಬ್ಬರ ತಲೆಗೇ ಕಟ್ಟಿದ್ದರು. ಸಣಕಲು ಆಳು, ಹೆಗಲಿಗೊಂದು ಚೀಲ, ಓಡಾಟವೆಲ್ಲ ಬಸ್ಸಿನಲ್ಲೇ. ಅವರು ಸಹಿ ಹಾಕದೆ ಕರೆಂಟ್ ಸಿಗುತ್ತಿರಲಿಲ್ಲ, ಅವರ ಸಹಿ ಬೇಗ ಬೀಳುತ್ತಲೂ ಇರಲಿಲ್ಲ. ಹಾಗಾಗಿ ಅವರನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೆ. ನನಗಂತೂ ಮೊದಲ ದಿನ ಅವರನ್ನು ಎತ್ತಿ ಅಂಗಳಕ್ಕೆ ಹಾಕುವಷ್ಟು ಸಿಟ್ಟು ಬಂದಿತ್ತು.

ಸಿಟ್ಟಿಗೆ ಕಾರಣವಿತ್ತು. ವರ್ಷಗಟ್ಟಲೆ ಬೇರೆ ಅಡುಗೆಯವರ ಕೈಕೆಳಗೆ ಕಾಯಿ ತುರಿದ ಮೇಲೆ ಮೊದಲ ಸಲ ನನ್ನ ಹೆಸರಿನಲ್ಲೇ ಒಂದು ಮದುವೆಯ ಅಡುಗೆ ಸಿಕ್ಕಿತ್ತು. ಕೊಪ್ಪದಲ್ಲಿ ಆಗಷ್ಟೇ ಕಟ್ಟಿದ ಭವನ. ಹೆಂಗಸಿನ ಕೈಗೆ ಇಷ್ಟು ದೊಡ್ಡ ಅಡುಗೆ ಕೊಡುವುದೇ ಎಂದು ಹುಡುಗಿಯ ಕಡೆಯವರಲ್ಲೇ ಗುಸುಗುಸು ಎದ್ದಿತ್ತು. ಹುಡುಗಿಯ ತಂದೆ ಮಾತ್ರ ನನ್ನ ಹೋಳಿಗೆಗೆ ಮನಸೋತವರಾದ್ದರಿಂದ ಜಗ್ಗದೆ ನಿಂತಿದ್ದರು. ಈ ಮದುವೆ ಗೆದ್ದರೆ ಮುಂದೆ ನನ್ನದೇ ಒಲೆ, ಕೆಟ್ಟರೆ ಮತ್ತೆ ಯಾರದೋ ಕೈಕೆಳಗೆ ಕಾಯಿ ತುರಿಯುವುದು. ಆ ಯೋಚನೆಯಲ್ಲಿ ಎರಡು ದಿನದಿಂದ ನನಗೆ ನಿದ್ದೆ ಇರಲಿಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಭವನ ಕಟ್ಟುವಾಗ ಕೊಟ್ಟಿದ್ದ ತಾತ್ಕಾಲಿಕ ಕರೆಂಟಿನಲ್ಲೇ ಇಡ್ಲಿಗೆ ಉದ್ದು ರುಬ್ಬುತ್ತಿದ್ದೆವು. ಭವನದ ವೈರಿಂಗ್ ಮಾಡಿಸಿದ ಕಾಂಟ್ರಾಕ್ಟರನ ಜೊತೆ ಇನ್‌ಸ್ಪೆಕ್ಟರು ಬಂದರು. ಹಾಲಿನ ಫ್ಯಾನು, ದೀಪಗಳನ್ನು ನೋಡಿ ಮುಗಿಸಿ, ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಾಂಟ್ರಾಕ್ಟರ್ ಚಪ್ಪಲಿ ಬಿಡಲಾರದೆ ಹೊಸಿಲಿನಾಚೆಯೇ ನಿಂತ. ಇನ್‌ಸ್ಪೆಕ್ಟರು ಮೊದಲು ಗೋಡೆ ನೋಡಲಿಲ್ಲ, ಸ್ವಿಚ್ಚೂ ನೋಡಲಿಲ್ಲ. ನೆಲ ನೋಡಿದರು. ಭವನದವರು ಎಲ್ಲಿಂದಲೋ ತಂದಿಟ್ಟಿದ್ದ ಹಳೆಯ ದೊಡ್ಡ ಗ್ರೈಂಡರಿನ ಬುಡದಲ್ಲಿ, ನಿಂತುಕೊಳ್ಳಲೆಂದು ನಾನು ಹಾಕಿಕೊಂಡಿದ್ದ ಹಲಸಿನ ಮಣೆ ಅವರ ಕಣ್ಣಿಗೆ ಬಿತ್ತು.

“ಈ ಮಣೆ ಇಲ್ಲಿ ಎಂತಕ್ಕಮ್ಮ?”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗ್ರೈಂಡರ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ, ಕೆಲವು ಸಲ ಮೊಣಕೈವರೆಗೂ ಏರುತ್ತದೆ, ಮಣೆಯ ಮೇಲೆ ನಿಂತರೆ ಏನೂ ಆಗುವುದಿಲ್ಲ. ಇದರಲ್ಲಿ ನನಗೆ ವಿಶೇಷವೇನೂ ಕಂಡಿರಲಿಲ್ಲ. ನಾನು ದುಡಿದ ಅಡುಗೆಮನೆಗಳಲ್ಲೆಲ್ಲ ಗ್ರೈಂಡರಿನ ಪಕ್ಕ ಒಂದು ಮಣೆ ಇದ್ದೇ ಇರುತ್ತಿತ್ತು. ಬಿಸಿ ಪಾತ್ರೆಗೆ ಇಕ್ಕಳ ಇದ್ದ ಹಾಗೆ ಗ್ರೈಂಡರಿಗೆ ಮಣೆ ಎಂದೇ ನಾವೆಲ್ಲ ತಿಳಿದಿದ್ದೆವು.

ಅವರು ಟೆಸ್ಟರನ್ನು ಗ್ರೈಂಡರಿನ ಮೈಗೆ ಮುಟ್ಟಿಸಿದರು. ಹಿಡಿಯೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು. ಇದು ಸರಿಯಾಗುವವರೆಗೆ ಅಡುಗೆಮನೆಗೆ ಕರೆಂಟ್ ಕೊಡಲು ಆಗುವುದಿಲ್ಲ ಎಂದರು.

ನಾಳೆ ಮುಹೂರ್ತ, ಉದ್ದು ಅರ್ಧ ರುಬ್ಬಿದೆ, ಕಾಯಿ, ಮಸಾಲೆ ಎಲ್ಲ ಹಾಗೇ ಇದೆ. ಬಾಯಿಗೆ ಬಂದ ಹಾಗೆ ಬೈದೆ. ನಿಮಗೆ ಮಾಡಲು ಬೇರೆ ಕೆಲಸ ಇಲ್ಲವೇ, ಬಡವರ ಅನ್ನಕ್ಕೇ ಕಲ್ಲು ಹಾಕಲು ಬಂದಿರೇ ಎಂದೆಲ್ಲ ಕೇಳಿದೆ. ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಅಷ್ಟೆ. ಅವರ ಜೇಬಿನ ಫೋನು ಮೇಲಿಂದ ಮೇಲೆ ಬಡಿದುಕೊಳ್ಳುತ್ತಿತ್ತು. ಭವನ ಕಟ್ಟಿಸಿದವರು ಊರಿನ ದೊಡ್ಡವರು, ಸುಮ್ಮನಿರುವವರಲ್ಲ. ನನ್ನ ಬೈಗುಳದಿಂದ ಕಾಂಟ್ರಾಕ್ಟರನಿಗೆ ಹುರುಪು ಬಂತು. ಅಕ್ಕ ಹೇಳುವುದೇ ಸರಿ, ಗ್ರೈಂಡರ್ ಎಂದ ಮೇಲೆ ಅಷ್ಟು ಜುಂ ಅನ್ನುವುದು ಇದ್ದದ್ದೇ ಎಂದು ರಾಗ ಎಳೆದ.

“ಹಾಗಾದ್ರೆ ಚಪ್ಪಲಿ ಬಿಟ್ಟು ಬಂದು ನೀವೇ ಒಮ್ಮೆ ಮುಟ್ಟಿ ಮಾರಾಯ್ರೆ,” ಎಂದರು ಇನ್‌ಸ್ಪೆಕ್ಟರು. ದನಿ ಏರಿಸಲಿಲ್ಲ. ಕಾಲಿನಿಂದ ಮಣೆಯನ್ನು ಮೆಲ್ಲಗೆ ಆಚೆ ಸರಿಸಿದರು.

ಕಾಂಟ್ರಾಕ್ಟರ್ ಒದ್ದೆ ನೆಲ ನೋಡಿದ, ತಿರುಗುತ್ತಿದ್ದ ಗ್ರೈಂಡರ್ ನೋಡಿದ.

“ಬೇಡ ಸಾರ್... ಮನೇಲಿ ಹೆಂಡ್ತಿ ಮಕ್ಕಳಿದಾರೆ.”

ಬಾಯಿ ಜಾರಿ ಬಂದ ಮಾತು. ತರಕಾರಿ ಹೆಚ್ಚುತ್ತಿದ್ದವರ ಕೈಯೂ ನಿಂತುಹೋಯಿತು. ನನ್ನ ಜೊತೆ ಕೆಲಸಕ್ಕೆ ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಸಿಟ್ಟು ನಿಂತಲ್ಲೇ ದಿಕ್ಕು ಬದಲಿಸಿತು.

“ನಾವೆಲ್ಲ ಮನೇಲಿ ಯಾರೂ ಇಲ್ಲದೆ ಬಂದವರು ಅಂತ ಮಾಡಿದೀರಾ?” ಎಂದು ಕೇಳಿದೆ.

ಸ್ವಿಚ್ ಆರಿಸಿದವಳು ನಾನೇ. ಹುಡುಗಿಯ ತಂದೆಯನ್ನು ಕರೆಸಿ, ಇದು ಸರಿಯಾಗದೆ ನಾನು ಗ್ರೈಂಡರ್ ಮುಟ್ಟುವುದಿಲ್ಲ, ನನ್ನವರನ್ನೂ ಮುಟ್ಟಗೊಡುವುದಿಲ್ಲ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಬೇರೆ ಅಡುಗೆಯವರಿಗೆ ಫೋನ್ ಮಾಡುತ್ತಾರೆ, ನನ್ನ ಕತೆ ಮುಗಿಯಿತು ಎಂದೇ ಎಣಿಸಿದೆ. ಅವರು ಏನು ಮಾಡಬೇಕೆಂದು ಇನ್‌ಸ್ಪೆಕ್ಟರನ್ನು ಕೇಳಿ ತಿಳಿದುಕೊಂಡರು, ಪಂಚೆ ಎತ್ತಿ ಕಟ್ಟಿದರು, ಗುದ್ದಲಿ ಎಲ್ಲಿದೆ ಎಂದರು.

ಭವನದ ಗೋಡೆಯೊಳಗೆ ಭೂಮಿಗೆ ಹೋಗಬೇಕಾದ ಮೂರನೆಯ ತಂತಿಯೇ ಇರಲಿಲ್ಲ. ಸೋರಿದ ಕರೆಂಟ್ ನಮ್ಮ ಮೈಯೊಳಗಿಂದ ನೆಲಕ್ಕೆ ದಾರಿ ಹುಡುಕುತ್ತಿತ್ತು. ಅದನ್ನು ನೇರ ಭೂಮಿಗೆ ಇಳಿಸಲೆಂದು ಚಪ್ಪರ ಹಾಕಲು ಬಂದವರು ಹಿತ್ತಲಲ್ಲಿ ಆಳುದ್ದದ ಗುಂಡಿ ತೋಡಿದರು. ಕಾಂಟ್ರಾಕ್ಟರ್ ಕೊಳವೆ, ತಂತಿ ತರಲು ಪೇಟೆಗೆ ಓಡಿದ. ಇದ್ದಿಲು ಬೇಕೆಂದಾಗ ನನ್ನ ಒಲೆಯದ್ದೇ ಕೊಟ್ಟೆ. ಉಪ್ಪು ಬೇಕೆಂದಾಗ ಉಗ್ರಾಣದ ಹರಳುಪ್ಪಿನ ಮೂಟೆ ಹೋಯಿತು, ನಾಳೆಯ ಸಾರು ಸಪ್ಪೆಯಾದರೆ ಸರ್ಕಾರವನ್ನೇ ಕೇಳಿ ಎಂದು ಗೊಣಗಿದೆ. ಇನ್‌ಸ್ಪೆಕ್ಟರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೊಳವೆ ನಿಲ್ಲಿಸಿ ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕಿಸಿ ನೀರು ಹೊಯ್ಯಿಸಿದರು. ಶೃಂಗೇರಿಯ ಬಸ್ಸು ಹೋಯಿತು, ಅವರು ಏಳಲಿಲ್ಲ. ಗ್ರೈಂಡರಿನೊಳಗೆ ಸವೆದಿದ್ದ ತಂತಿಯನ್ನೂ ಬದಲಾಯಿಸುವಷ್ಟರಲ್ಲಿ ಸಂಜೆಯಾಯಿತು.

ಮೊದಲು ಮುಟ್ಟಬೇಕಾದವನು ಯಾರೆಂದು ಯಾರೂ ಹೇಳಲಿಲ್ಲ. ಎಲ್ಲರೂ ಕಾಂಟ್ರಾಕ್ಟರನನ್ನೇ ನೋಡಿದೆವು. ಪಾಪ, ಚಪ್ಪಲಿ ಬಿಟ್ಟು, ಒದ್ದೆ ನೆಲಕ್ಕೆ ಬಂದು, ದೇವರ ಹೆಸರು ಹೇಳಿ ಕೈ ಇಟ್ಟ. ಏನೂ ಆಗಲಿಲ್ಲ. ಹಲ್ಲು ಬಿಟ್ಟು ನಕ್ಕ. ಆಮೇಲೆ ನಾನು ಇಟ್ಟೆ. ಅಷ್ಟು ವರ್ಷ ಹೋದ ಅಡುಗೆಮನೆಯಲ್ಲೆಲ್ಲ ನನ್ನನ್ನು ಕಚ್ಚುತ್ತಿದ್ದ ಗ್ರೈಂಡರಿನ ಜಾತಿ ಅವತ್ತು ಸಾಧು ಹಸುವಿನಂತೆ ಸುಮ್ಮನಿತ್ತು. ನನಗೆ ಕುಣಿಯಬೇಕೆನಿಸಿತು. ಹೆಂಗಸರೆಲ್ಲ ಸಾಲಾಗಿ ಬಂದು ಮುಟ್ಟಿ ನೋಡಿ ನಕ್ಕದ್ದೇ ನಕ್ಕದ್ದು. ಆ ಮಣೆಯನ್ನು ತೊಳೆದು ಗೋಡೆಯ ಬದಿಗೆ ಹಾಕಿ, ಇನ್‌ಸ್ಪೆಕ್ಟರನ್ನು ಅದರ ಮೇಲೆ ಕೂರಿಸಿ, ಬಿಸಿ ಹೋಳಿಗೆಗೆ ತುಪ್ಪ ಹಾಕಿ ಬಡಿಸಿದೆ. ತಲೆ ಎತ್ತದೆ ತಿಂದರು.

ಮದುವೆ ಗೆದ್ದಿತು. ಅಲ್ಲಿಂದ ಮುಂದೆ ಅಡುಗೆ ಒಪ್ಪಿಕೊಳ್ಳುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಗ್ರೈಂಡರಿನ ಪಕ್ಕ ಮಣೆ ಇದೆಯೋ ಎಂದು. ಇದ್ದರೆ ನಾನಿಲ್ಲ. ಜಯಪುರದ ಅಡುಗೆಯವರೂ ಹಾಗೇ ಹೇಳತೊಡಗಿದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಹೋಟೆಲಿನವರು ಮಣೆ ಅಡಗಿಸಿಡುತ್ತಿದ್ದರಂತೆ. ಒಬ್ಬ ಪುಣ್ಯಾತ್ಮ ಅಟ್ಟಕ್ಕೇ ಏರಿಸಿದ್ದ, ಒದ್ದೆ ನೆಲದಲ್ಲಿ ಮಣೆಯಷ್ಟಗಲ ಒಣಗಿದ ಜಾಗ ನೋಡಿ ಇವರು ಹಿಡಿದೇಬಿಟ್ಟರು. ಈಗ ಮೂರೂ ಪಟ್ಟಣದ ಅಡುಗೆಮನೆಗಳಲ್ಲಿ ಹೊಸ ಹುಡುಗಿಯರಿಗೆ ಆ ಜುಂ ಎಂದರೇನೆಂದೇ ಗೊತ್ತಿಲ್ಲ. ಅದನ್ನು ಕಂಡಾಗ ನನಗೆ ಹೆಮ್ಮೆಯಾಗುತ್ತದೆ, ಸುಳ್ಳೇಕೆ ಹೇಳಲಿ...

ನಿವೃತ್ತರಾದ ಮೇಲೆ ಅವರು ನರಸಿಂಹರಾಜಪುರದಲ್ಲೇ ಉಳಿದಿದ್ದರು. ಹೋದ ತಿಂಗಳು ನಿದ್ದೆಯಲ್ಲೇ ತೀರಿಕೊಂಡರು. ವೈಕುಂಠ ಸಮಾರಾಧನೆಯ ಅಡುಗೆಗೆ ಅವರ ಮನೆಯಿಂದಲೇ ನನಗೆ ಫೋನ್ ಬಂತು, ನಾನು ಯಾರೆಂದು ಮನೆಯವರಿಗೆ ಗೊತ್ತಿರಲಿಲ್ಲ. ವಡೆಗೆ ರುಬ್ಬುತ್ತಿದ್ದಾಗ ಕಣ್ಣಲ್ಲಿ ನೀರು ಬಂತು. ಅವರ ಹೆಂಡತಿ ಏನಾಯಿತೆಂದು ಕೇಳಿದರು. ಈರುಳ್ಳಿಯ ಮೇಲೆ ಹಾಕೋಣವೆಂದರೆ ಆ ಅಡುಗೆಗೆ ಈರುಳ್ಳಿ ಮುಟ್ಟುವಂತಿಲ್ಲ. ಭವನದ ಕತೆಯನ್ನೇ ಹೇಳಿದೆ.

“ಬೆಳಿಗ್ಗೆ ಬೈದು ಸಂಜೆ ಊಟ ಹಾಕಿದವರು ನೀವೇನಾ?” ಎಂದು ಅವರು ನನ್ನ ಕೈ ಹಿಡಿದುಕೊಂಡರು. “ಫೋನ್ ಮೇಲೆ ಫೋನ್ ಬರ್ತಿತ್ತು, ಆವತ್ತು ಆ ಅಡುಗೆಯಮ್ಮ ಗಟ್ಟಿಯಾಗಿ ನಿಲ್ಲದಿದ್ರೆ ಹೆದರಿ ಸಹಿ ಹಾಕಿಬಿಡ್ತಿದ್ದೆ ಅಂತಿದ್ರು ಇವರು.”

ನಾನೇ ಎಂದೆ. ಇನ್‌ಸ್ಪೆಕ್ಟರ ಧೈರ್ಯ ನೋಡಿ ನಾನು ನಿಂತೆ ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದೆ. ಎಂಥ ಮನುಷ್ಯ, ಒಂದು ದಿನವಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ. ಹೇಳಿದ್ದರೆ ಇನ್ನೊಂದು ಹೋಳಿಗೆ ಬಡಿಸುತ್ತಿದ್ದೆ.