ಶುಕ್ರವಾರಕ್ಕೆ ಕೊಡದ ಬೈಕು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ದಾಟಿ ಸ್ವಲ್ಪ ಮುಂದೆ, ಹಳೆಯ ಹೆದ್ದಾರಿಯ ಪಕ್ಕದಲ್ಲಿ ಮುಕ್ತಿಯಾರ್ ಅವರ ಗ್ಯಾರೇಜು ಇದೆ. ಎಲ್ಲ ಬಗೆಯ ರಿಪೇರಿ ಎಂದು ಬೋರ್ಡಿನಲ್ಲಿ ಬರೆದಿದ್ದರೂ ಅವರು ಮನಸ್ಸಿಟ್ಟು ಮಾಡುವುದು ಒಂದೇ ಕೆಲಸ, ಬೈಕುಗಳ ಮುಂದಿನ ಷಾಕ್ಸು. ಚಕ್ರವನ್ನು ಹಿಡಿದಿರುವ ಎರಡು ಫೋರ್ಕುಗಳನ್ನು ಬಿಚ್ಚಿ, ಒಳಗಿನ ಕಪ್ಪಾದ ಎಣ್ಣೆ ಚೆಲ್ಲಿ, ಸ್ಪ್ರಿಂಗನ್ನೂ ಎಣ್ಣೆ ತಡೆಯುವ ಸೀಲನ್ನೂ ಬದಲಾಯಿಸಿ ಮತ್ತೆ ಕೂರಿಸುವುದು. ದೂರದೂರಿಗೆ ಹೋಗುವ ದೊಡ್ಡ ಬೈಕುಗಳು ಬೆಂಗಳೂರಿನಿಂದಲೂ ಅವರನ್ನು ಹುಡುಕಿಕೊಂಡು ಬರುತ್ತವೆ.

ಅವರ ತಂದೆ ರೇಷ್ಮೆ ನೂಲು ತೆಗೆಯುತ್ತಿದ್ದವರು. ಮುಕ್ತಿಯಾರ್ ಕೂಡ ಹದಿನೇಳನೇ ವಯಸ್ಸಿನವರೆಗೆ ಬಿಸಿನೀರಿನ ತೊಟ್ಟಿಗೆ ಕೈ ಅದ್ದಿ, ಕೂದಲಿಗಿಂತ ಸಣ್ಣ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿದವರು. ಚರ್ಮವೆಲ್ಲ ಸುಲಿದು ಹುಣ್ಣಾದಾಗ ಆ ಕೆಲಸ ಬಿಟ್ಟು ಚನ್ನಪಟ್ಟಣದ ಒಂದು ಗ್ಯಾರೇಜಿಗೆ ಸೇರಿದರು. ಅಲ್ಲಿ ಒಂದು ದಿನ ಎಣ್ಣೆ ಜಿನುಗುತ್ತಿದ್ದ ಫೋರ್ಕಿನ ಬೈಕನ್ನು, ಗ್ಯಾರೇಜಿನ ಮಾಲೀಕ ಅವಸರ ಮಾಡಿದನೆಂದು, ಒರೆಸಿ ಹಾಗೇ ಕೊಟ್ಟರು. ಗೂಡಿನ ವ್ಯಾಪಾರಿಯೊಬ್ಬ ಅದನ್ನು ತೆಗೆದುಕೊಂಡು ಹೋದ. ನಾಲ್ಕನೇ ದಿನ ಎಣ್ಣೆ ಬ್ರೇಕಿಗೆ ಇಳಿದು, ಲಾರಿಯ ಹಿಂದೆ ಬೈಕು ನಿಲ್ಲದೆ, ಆತ ಬಲಗಾಲಿನ ಪಾದ ಕಳೆದುಕೊಂಡ. ಆಸ್ಪತ್ರೆಗೆ ನೋಡಲು ಹೋಗಿ ಬಂದ ಮೇಲೆ ಮುಕ್ತಿಯಾರ್ ತಮಗೆ ತಾವೇ ಒಂದು ಮಾತು ಕೊಟ್ಟುಕೊಂಡರು. ಎಣ್ಣೆಯ ಒಂದು ಹನಿ ಕಂಡರೂ ಬೈಕು ತಮ್ಮ ಕೈಯಿಂದ ಹೊರಗೆ ಹೋಗಕೂಡದು. ಮೂವತ್ತೈದು ವರ್ಷ ಅದನ್ನು ಮೀರಲಿಲ್ಲ. ಮದುವೆಗೆ ಹೊರಟವರು, ಪೊಲೀಸರು, ಸ್ವಂತ ಭಾಮೈದ, ಯಾರು ಬೈದರೂ ಮೀರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅನಂತರಾಜು ಎಂಬುವನು ಅವರ ಹತ್ತಿರ ಬಂದ. ಹತ್ತಿರದ ಕೈಲಾಂಚದಿಂದ ಒಳಕ್ಕೆ ಹೋಗಿ ಸಿಗುವ ಒಂದು ಹಳ್ಳಿಯವನು, ಅಲ್ಲಿಯ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಅವನ ಬೈಕು ದೊಡ್ಡದು, ಟೂರಿಂಗ್ ಬೈಕು. ಹಿಂದಿನ ಸೀಟಿಗೆ ಒರಗುದಿಂಬು ಕಟ್ಟಿತ್ತು.

"ಸಾಬ್ರೇ, ಮುಂದಿನ ಷಾಕ್ಸ್ ಮೆತ್ತಗೆ ಮಾಡ್ಕೊಡಿ."

"ಎಷ್ಟು ಮೆತ್ತಗೆ?"

"ಗುಂಡಿಗೆ ಬಿದ್ರೂ ಹಿಂದೆ ಕೂತೋರ್ಗೆ ಗೊತ್ತಾಗ್ಬಾರ್ದು."

"ಹಿಂದೆ ಯಾರು ಕೂರ್ತಾರೆ?"

"ನಮ್ಮನೆಯೋರು," ಎಂದ ಅನಂತರಾಜು. "ಎರಡು ಕಿಡ್ನಿನೂ ಹೋಗವೆ. ಮಂಗಳವಾರ, ಶುಕ್ರವಾರ ಡಯಾಲಿಸಿಸ್‌ಗೆ ಇಲ್ಲಿಗೇ ಕರ್ಕೊಂಡು ಬತ್ತೀನಿ. ಮೂಳೆ ಎಲ್ಲಾ ಟೊಳ್ಳಾಗವೆ ಅಂತಾರೆ ಡಾಕ್ಟ್ರು. ಒಂದು ಏಟು ಬಿದ್ರೆ ಸಾಕು, ಹಲ್ಲು ಕಚ್ಕೊಂಡು ಕೂರ್ತಾಳೆ."

"ಕಾರಲ್ಲಿ ಬರಬಹುದಲ್ಲ?"

"ಕಾರಿನ ಬಾಗ್ಲು ಮುಚ್ಚಿದ್ರೆ ಸಾಕು, ವಾಂತಿ ಆಯ್ತದೆ. ಗಾಳಿ ಬೇಕು ಅವಳಿಗೆ. ಈ ಬೈಕಲ್ಲೇ ನಾವಿಬ್ರೂ ಕನ್ಯಾಕುಮಾರಿಗೆ ಹೋಗ್ಬಂದಿದ್ವಿ. ಇದ್ರ ಮೇಲೆ ಕೂತ್ರೆ ಒಸಿ ಗೆಲುವಾಗಿರ್ತಾಳೆ."

ಮರುದಿನ ಬರುವಾಗ ಹೆಂಡತಿಯನ್ನೂ ಕರೆತರಲು ಮುಕ್ತಿಯಾರ್ ಅವನಿಗೆ ಹೇಳಿದರು. ಭಾನುಪ್ರಿಯ ಬಂದಳು. ಮೂವತ್ತೆಂಟರ ಹೆಂಗಸು, ಮುಖ ಊದಿತ್ತು, ಸೂಜಿ ಚುಚ್ಚುವ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಇಬ್ಬರನ್ನೂ ಬೈಕಿನ ಮೇಲೆ ಕೂರಿಸಿ, ಮುಂದಿನ ಚಕ್ರ ಎಷ್ಟು ಇಳಿಯುತ್ತದೆಂದು ಮುಕ್ತಿಯಾರ್ ಟೇಪು ಹಿಡಿದು ಅಳೆದರು.

"ಬರೀ ಮೆತ್ತಗೆ ಮಾಡಿದ್ರೆ ಆಗಲ್ಲ ತಾಯಿ," ಎಂದು ಅವಳಿಗೇ ವಿವರಿಸಿದರು. "ಬ್ರೇಕ್ ಹಿಡಿದಾಗ ಬೈಕು ಮುಗ್ಗರಿಸುತ್ತೆ, ನೀವು ಹೋಗಿ ಇವ್ರ ಬೆನ್ನಿಗೆ ಬೀಳ್ತೀರ. ಶುರುವಲ್ಲಿ ಮೆತ್ತಗಿದ್ದು, ಒತ್ತುತ್ತಾ ಹೋದಂಗೆ ಗಟ್ಟಿಯಾಗೋ ಸ್ಪ್ರಿಂಗ್ ಬರುತ್ತೆ. ಅದನ್ನ ಹಾಕ್ತೀನಿ."

"ಏನಾದ್ರೂ ಹಾಕಿ ಅಣ್ಣಾ," ಎಂದಳು ಭಾನುಪ್ರಿಯ. "ಆಸ್ಪತ್ರೆ ಗೇಟಿನ ಹಂಪು ಬಂದ್ರೆ ನಂಗೆ ದೇವ್ರೆಲ್ಲಾ ನೆನಪಾಯ್ತಾರೆ."

ಹೊಸ ಸ್ಪ್ರಿಂಗು ತರಿಸಿದರು. ಎಣ್ಣೆಯನ್ನು ಎರಡು ಸಲ ಬದಲಾಯಿಸಿ ನೋಡಿದರು. ಹಿಂದಿನ ಷಾಕ್ಸನ್ನೂ ಅದಕ್ಕೆ ಹೊಂದಿಸಿದರು. ತಾವೇ ಹಿಂದೆ ಕೂತು, ಅನಂತರಾಜುವಿಂದ ಓಡಿಸಿ, ಪ್ರತಿ ಹಂಪಿನಲ್ಲೂ ತಮ್ಮ ಸೊಂಟಕ್ಕೆ ಏನಾಗುತ್ತದೆಂದು ಗಮನಿಸಿದರು. ಕೆಲಸ ಮುಗಿದ ಮೂರನೇ ದಿನ ಆಸ್ಪತ್ರೆಯಿಂದ ಹಿಂದಿರುಗುವಾಗ ಗಂಡ ಹೆಂಡತಿ ಗ್ಯಾರೇಜಿನ ಮುಂದೆ ನಿಂತರು. ಭಾನುಪ್ರಿಯ ಇಳಿಯಲಿಲ್ಲ. ಕೂತಲ್ಲಿಂದಲೇ ಕೈ ಎತ್ತಿ, "ಇವತ್ತು ಹಂಪು ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ ಕಣಣ್ಣಾ," ಎಂದಳು.

ಎಂಟು ತಿಂಗಳು ಹಾಗೇ ನಡೆಯಿತು. ವಾರಕ್ಕೆರಡು ದಿನ ಆ ಬೈಕು ಗ್ಯಾರೇಜಿನ ಮುಂದೆ ಹಾದುಹೋಗುವಾಗ ಮುಕ್ತಿಯಾರ್ ತಲೆ ಎತ್ತಿ ನೋಡುತ್ತಿದ್ದರು. ಅವಳು ಸೊರಗುತ್ತಾ ಬಂದಿದ್ದಳು.

ಮಳೆಗಾಲದಲ್ಲಿ ಎಡಗಡೆಯ ಫೋರ್ಕಿನಿಂದ ಎಣ್ಣೆ ಜಿನುಗತೊಡಗಿತು. ಒಂದು ಬುಧವಾರ ಅನಂತರಾಜು ಬೈಕು ತಂದು ಬಿಟ್ಟ. ಗುರುವಾರ ಸಂಜೆ ಕೊಡುತ್ತೇನೆಂದು ಮುಕ್ತಿಯಾರ್ ಒಪ್ಪಿಕೊಂಡರು. ಹೊಸ ಸೀಲು ಹಾಕಿ, ಹ್ಯಾಂಡಲ್ ಹಿಡಿದು ಹತ್ತಿಪ್ಪತ್ತು ಸಲ ಅದುಮಿದರು. ಬಲಗಡೆ ಒಣಗಿತ್ತು. ಎಡಗಡೆಯ ಫೋರ್ಕಿನ ಒಳಪೈಪಿನ ಸುತ್ತ ಎಣ್ಣೆಯ ಒಂದು ತೆಳು ಬಳೆ ಮೂಡಿತ್ತು. ಕಣ್ಣು ಮುಚ್ಚಿ ಪೈಪಿನ ಮೇಲೆ ಬೆರಳಾಡಿಸಿದರು. ಸಾಸಿವೆಯ ಅರ್ಧದಷ್ಟು ಒಂದು ಕುಳಿ, ತುಕ್ಕು ತಿಂದದ್ದು, ಬೆರಳಿಗೆ ತಾಗಿತು. ಪೈಪೇ ಕೆಟ್ಟಿತ್ತು, ಸೀಲು ಎಷ್ಟು ಬದಲಾಯಿಸಿದರೂ ಎಣ್ಣೆ ನಿಲ್ಲುವಂತಿರಲಿಲ್ಲ. ಹೊಸದು ಬೆಂಗಳೂರಿನಿಂದ ಶನಿವಾರಕ್ಕಿಂತ ಮೊದಲು ಬರುವಂತಿರಲಿಲ್ಲ.

ಗುರುವಾರ ಸಂಜೆ ಅನಂತರಾಜು ಬಂದಾಗ ವಿಷಯ ತಿಳಿಸಿದರು.

"ಇವತ್ತು ಹೆಂಗಾದ್ರೂ ಮಾಡಿ ಕೊಡಿ ಸಾಬ್ರೇ, ಬೆಳಿಗ್ಗೆ ಎಂಟಕ್ಕೆ ಅವಳ ಸರದಿ ಐತೆ."

ಮಾಡುವ ದಾರಿ ಇತ್ತು. ಕುಳಿಗೆ ಅಂಟು ತುಂಬಿ, ಉಜ್ಜಿ ನುಣುಪು ಮಾಡಿದರೆ ಕೆಲವು ದಿನ ತಡೆಯುತ್ತದೆ. ಬೇರೆ ಗ್ಯಾರೇಜಿನವರು ದಿನಾ ಮಾಡುವ ಕೆಲಸವೇ. ಮುಕ್ತಿಯಾರ್ ಪೈಪನ್ನು ಇನ್ನೊಮ್ಮೆ ಒರೆಸಿದರು. ಬ್ರೇಕು ಅದರ ಕೆಳಗೆ ಪಕ್ಕದಲ್ಲೇ ಇತ್ತು.

"ಇದ್ರ ಮೇಲೆ ಆ ತಾಯಿನ ಕೂರಿಸಿ ಕಳ್ಸಕ್ಕೆ ನನ್ನ ಕೈಲಿ ಆಗಲ್ಲ ಅನಂತಣ್ಣ. ಬೇಕಾದ್ರೆ ನನ್ನ ಸ್ಕೂಟರ್ ತಗೊಂಡು ಹೋಗಿ."

"ಸ್ಕೂಟರ್ ಏಟು ಅವಳು ತಡ್ಕಳಲ್ಲ. ಬುಡಿ, ಆಟೋ ಹೇಳ್ತೀನಿ. ಗಾಳಿನಾದ್ರೂ ಬತ್ತದೆ."

ಶುಕ್ರವಾರ ಬೆಳಿಗ್ಗೆ ಆಟೋ ತಡವಾಗಿ ಬಂತು. ಕೈಲಾಂಚ ದಾಟಿ ಸ್ವಲ್ಪ ದೂರದಲ್ಲಿ, ಮಳೆನೀರು ತುಂಬಿದ್ದ ಒಂದು ಗುಂಡಿಗೆ ಅದರ ಮುಂದಿನ ಚಕ್ರ ಇಳಿಯಿತು. ಭಾನುಪ್ರಿಯ ಸೀಟಿನಿಂದ ಒಂದು ಗೇಣು ಮೇಲೆದ್ದು ಕೂತಳು, ಅಷ್ಟೇ. ಬೀಳಲಿಲ್ಲ, ಎಲ್ಲಿಗೂ ತಾಗಲಿಲ್ಲ. ಆದರೆ ಸೊಂಟದ ಕೀಲಿನ ಮೂಳೆ ಮುರಿದಿತ್ತು. ಆಪರೇಷನ್ ಮಾಡಿದರೆ ಅವಳ ಹೃದಯ ತಡೆಯುವುದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ಸ್ಟ್ರೆಚರಿನಲ್ಲೇ ಡಯಾಲಿಸಿಸ್ಸಿಗೆ ಹೋಗಿಬರಬೇಕಾಯಿತು.

ಮುಕ್ತಿಯಾರ್‌ಗೆ ಇದು ಗೊತ್ತಾದದ್ದು ಒಂಬತ್ತು ದಿನದ ಮೇಲೆ. ಪೈಪು ಶನಿವಾರವೇ ಬಂದು, ಬೈಕು ತಯಾರಾಗಿ ನಿಂತಿತ್ತು. ಅನಂತರಾಜು ಫೋನ್ ಎತ್ತುತ್ತಿರಲಿಲ್ಲ. ಕೈಲಾಂಚದ ಗಿರಾಕಿಯೊಬ್ಬ ಸುದ್ದಿ ಹೇಳಿದ. ಅವತ್ತೇ ಅವರು ತಾವೇ ಬೈಕು ಓಡಿಸಿಕೊಂಡು ಆ ಹಳ್ಳಿಗೆ ಹೋದರು.

ಅನಂತರಾಜುವಿನ ತಾಯಿ ಮಾಯಮ್ಮ ನಡುಮನೆಯಲ್ಲಿ ಕುರ್ಚಿ ಹಾಕಿ ಕೊಟ್ಟರು. ಭಾನುಪ್ರಿಯ ಮಂಚದ ಮೇಲಿದ್ದಳು. ಕಾಲಿನ ಎರಡೂ ಪಕ್ಕಕ್ಕೆ ದಿಂಬು ಒತ್ತಿ ಇಟ್ಟಿದ್ದರು. ಅವಳೇ ಮೊದಲು ಮಾತಾಡಿದಳು.

"ಅಣ್ಣಾ, ನಿಜ ಹೇಳ್ಬೇಕು ನೀವು. ಗುರುವಾರ ಸಂಜೆ ಬೈಕ್ ಕೊಟ್ಟಿದ್ರೆ, ಒಂದು ಸಲ ಹೋಗ್ಬರಕ್ಕೆ ಆಯ್ತಿತ್ತಾ?"

ಮುಕ್ತಿಯಾರ್‌ಗೆ ಸುಳ್ಳು ಹೇಳುವ ಆಸೆಯಾಯಿತು. ಬರುವ ದಾರಿಯುದ್ದಕ್ಕೂ ಅವರು ಆ ಫೋರ್ಕಿನ ಬಗ್ಗೆಯೇ ಯೋಚಿಸಿದ್ದರು. ಅಂಟು ತುಂಬಿದ್ದರೆ ನೂರಿನ್ನೂರು ಕಿಲೋಮೀಟರಿಗೆ ಮೋಸವಿರಲಿಲ್ಲ. ಆಸ್ಪತ್ರೆಗೆ ಹೋಗಿ ಬರುವುದು ಮೂವತ್ತೂ ಇರಲಿಲ್ಲ.

"ಆಗ್ತಿತ್ತು ತಾಯಿ," ಎಂದರು. "ಒಂದು ಸಲಕ್ಕೆ ಏನೂ ಆಗ್ತಿರಲಿಲ್ಲ."

"ನಾನೂ ಹಂಗೇ ಅನ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿ ಕಣ್ಣು ಮುಚ್ಚಿದಳು. ಮಾಯಮ್ಮ ತಂದುಕೊಟ್ಟ ಮಜ್ಜಿಗೆಯನ್ನು ಪಕ್ಕಕ್ಕಿಟ್ಟು ಮುಕ್ತಿಯಾರ್ ಎದ್ದರು, ಬೈಕಿನ ಬೀಗದಕೈಯನ್ನು ಅನಂತರಾಜುವಿಗೆ ಕೊಟ್ಟರು.

"ನೋವಲ್ಲಿ ಏನೋ ಅಂದ್ಬುಟ್ಳು, ಮನಸ್ಗೆ ಹಾಕೋಬೇಡಿ," ಎಂದ ಅನಂತರಾಜು, ಅವರನ್ನು ಬಸ್ಸಿಗೆ ಬಿಡಲು ಬಂದಾಗ.

"ಅವ್ರು ಕೇಳಿದ್ದು ಸರಿಯಾಗೇ ಐತೆ," ಎಂದರು ಮುಕ್ತಿಯಾರ್.

ಅಂದಿನಿಂದ ಅವರ ಊಟ ಕಡಿಮೆಯಾಯಿತು. ಬಿಚ್ಚಿದ ಫೋರ್ಕುಗಳು ಹಾಗೇ ಬಿದ್ದಿರುತ್ತಿದ್ದವು, ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಹೆಂಡತಿ ಅಖ್ತರಿ ಒತ್ತಾಯ ಮಾಡಿ ಕೇಳಿದಾಗ ಎಲ್ಲವನ್ನೂ ಹೇಳಿದರು. ಅಖ್ತರಿ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸುತ್ತಾ, "ನೀವು ಮಾಡಿದ್ದು ಸರಿಯೇ. ಅವರ ಜೀವ ಉಳಿಯಲಿ ಅಂತಲೇ ಅಲ್ವಾ ಮಾಡಿದ್ದು?" ಎಂದರು.

"ತಪ್ಪು ಮಾಡಿದ್ದರೆ ಹೋಗಿ ಮಾಫಿ ಕೇಳ್ತಿದ್ದೆ," ಎಂದರು ಮುಕ್ತಿಯಾರ್. "ಸರಿ ಮಾಡಿದ್ದಕ್ಕೆ ಏನಂತ ಕೇಳಲಿ?"

ಮೂಳೆ ಮುರಿದ ಮೇಲೆ ಭಾನುಪ್ರಿಯ ನಲವತ್ತು ದಿನ ಬದುಕಿದಳು. ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಹೋದಳು. ಮಣ್ಣಿಗೆ ಮುಕ್ತಿಯಾರ್ ಹೋಗಿದ್ದರು. ಗುಂಪಿನ ಹಿಂದೆ ನಿಂತು, ಯಾರಿಗೂ ಕಾಣಿಸಿಕೊಳ್ಳದೆ ಬಂದುಬಿಟ್ಟರು.

ತಿಥಿ ಮುಗಿದ ವಾರಕ್ಕೆ ಅನಂತರಾಜು ಬೈಕಿನಲ್ಲಿ ಬಂದು ಗ್ಯಾರೇಜಿನ ಮುಂದೆ ನಿಂತ. ಗಡ್ಡ ಬಂದಿತ್ತು. ರಿಪೇರಿ ಏನೂ ಇರಲಿಲ್ಲ.

"ಕೂತ್ಕಳಿ ಸಾಬ್ರೇ, ಒಸಿ ದೂರ ಹೋಗ್ಬರಾನ," ಎಂದ.

ಮುಕ್ತಿಯಾರ್ ಕೈ ಒರೆಸಿಕೊಂಡು ಹಿಂದೆ ಕೂತರು. ಬೈಕು ಕೈಲಾಂಚದ ರಸ್ತೆ ಹಿಡಿಯಿತು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಮಳೆಗೆ ತೊಯ್ದು ಕಪ್ಪಗಿದ್ದವು. ಒಂದು ಕಡೆ ಅನಂತರಾಜು ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸಿದ.

"ಇಲ್ಲೇ," ಎಂದ.

ಗುಂಡಿಗೆ ಯಾರೋ ಜಲ್ಲಿ ತುಂಬಿದ್ದರು. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೊಂದು ಅದರ ಮೇಲೆ ಸಲೀಸಾಗಿ ಹೋಯಿತು. ಇಬ್ಬರೂ ಬೈಕಿನಿಂದ ಇಳಿದರು.

"ಅವತ್ತು ಆಟೋ ಲೇಟಾಗಿತ್ತಲ್ಲ," ಎಂದ ಅನಂತರಾಜು ತಲೆ ಎತ್ತದೆ. "ಸರದಿ ತಪ್ಪೋಯ್ತದೆ, ಒಸಿ ಜೋರಾಗಿ ಓಡ್ಸಪ್ಪಾ ಅಂತ ನಾನೇ ಆಟೋದವ್ನಿಗೆ ಅಂದೆ. ಅವ್ನು ಪಾಪ ಮೆಲ್ಲಗೇ ಓಡಿಸ್ತಿದ್ದ. ನಾನಂದ ಮೇಲೆ ಎರಡು ನಿಮಿಷಕ್ಕೇ ಹಿಂಗಾಗಿದ್ದು. ಅವಳಿಗೂ ಕೇಳಿಸಿತ್ತು. ಸಾಯೋವರ್ಗೂ ಅದೊಂದು ಮಾತು ಅವಳು ಎತ್ತಲಿಲ್ಲ ಸಾಬ್ರೇ. ನಿಮ್ಮನ್ನ ಕೇಳಿದ್ಲು, ನನ್ನ ಕೇಳ್ಲಿಲ್ಲ."

ಮುಕ್ತಿಯಾರ್ ಅವನ ಹೆಗಲ ಮೇಲೆ ಕೈಯಿಟ್ಟರು. ಸಣ್ಣ ಹನಿ ಬೀಳತೊಡಗಿತು. ಅನಂತರಾಜುವಿನ ಕೈಯಿಂದ ಬೀಗದಕೈಯನ್ನು ತಾವೇ ತೆಗೆದುಕೊಂಡರು. ಅವನನ್ನು ಹಿಂದೆ ಕೂರಿಸಿಕೊಂಡು, ಜಲ್ಲಿ ಹಾಕಿದ ಜಾಗವನ್ನು ಪಕ್ಕಕ್ಕೆ ಬಿಟ್ಟು, ನಿಧಾನವಾಗಿ ಅವನ ಹಳ್ಳಿಯ ಕಡೆಗೆ ಬೈಕು ನಡೆಸಿದರು.