ಯಾರೂ ಮುಟ್ಟದೆ ಎದ್ದ ಗೇಟು

2013ರಲ್ಲಿ ನಾನು ಶಹಾಪುರದ ಕಾಲುವೆ ಕಚೇರಿಯಲ್ಲಿ ಸಿಸ್ಟಮ್ಸ್ ಇಂಜಿನಿಯರ್. ಗೇಟುಗಳ ಮೋಟರ್ ನಡೆಸಲು ಕಂಟ್ರೋಲ್ ರೂಮಿಗೆ ದೊಡ್ಡದೊಂದು ಟಚ್‌ಸ್ಕ್ರೀನ್ ಬಂದಿತ್ತು. ಒಳಗಿದ್ದದ್ದು ಮಾತ್ರ ಮೌಸ್‌ಗೆಂದೇ ಮಾಡಿದ ಹಳೆಯ ಡೆಸ್ಕ್‌ಟಾಪ್ ಆಪರೇಟಿಂಗ್ ಸಿಸ್ಟಮ್. ಬಟನ್‌ಗಳು ಜೋಳದ ಕಾಳಿನಷ್ಟು. 'ಏರಿಸು' ಒತ್ತಲು ಹೋದರೆ ಬೆರಳು 'ಇಳಿಸು'ವನ್ನೂ ಮುಚ್ಚುತ್ತಿತ್ತು.

"ಪೆನ್ಸಿಲ್ ಕೆತ್ತಿದಂಗ ಬೆರಳು ಕೆತ್ತಿಸ್ಕೊಂಡು ಬರಬೇಕ್ರಿ ಮೇಡಂ," ಎನ್ನುತ್ತಿದ್ದ ಆಪರೇಟರ್ ರಸೂಲ್.

ಸ್ಕ್ರೀನಿನ ಮೇಲ್ಗಡೆ ಗೋಡೆಗೆ ಶರಣಪ್ಪನ ಫೋಟೋ. ಬದುಕಿಡೀ ಗೇಟಿನ ಚಕ್ರ ತಿರುಗಿಸಿ, ಕಡೆಗೆ ಅದೇ ಕಾಲುವೆಯಲ್ಲಿ ಜಾರಿ ತೀರಿಕೊಂಡವನು. ಕಚೇರಿಯ ಕಸ ಗುಡಿಸುತ್ತಿದ್ದ ಅವನ ಹೆಂಡತಿ ಮಲ್ಲಮ್ಮ ಪ್ರತಿ ಅಮಾವಾಸ್ಯೆಗೆ ಫೋಟೋಕ್ಕೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದಳು. ಮಗ ಭೀಮರಾಯ ಅಪ್ಪನ ಕೆಲಸಕ್ಕೇ ಸೇರಿದ್ದ.

ಒಂದು ಅಮಾವಾಸ್ಯೆಯ ಮಧ್ಯಾಹ್ನ. ಗೇಟು ಇಳಿಸಿ ಸುರಪುರದ ಕಡೆಯ ಕಾಲುವೆಗೆ ನೀರು ನಿಲ್ಲಿಸಿದ್ದೆವು. ಭೀಮರಾಯ ಗೇಟಿನ ಕೆಳಗಿಳಿದು ಹೂಳು ತೆಗೆಯುತ್ತಿದ್ದ. ಸ್ಕ್ರೀನಿನ ಹತ್ತಿರ ಯಾರೂ ಇರಲಿಲ್ಲ. ಬಾಣದ ಗುರುತು ತಾನಾಗಿ ನಡುಗಿತು, ಸರಿಯಿತು, 'ಏರಿಸು' ಮೇಲೆ ನಿಂತಿತು. 'ಖಚಿತವೇ?' ಎಂಬ ಬಾಕ್ಸ್ ಮೂಡಿತು. ಬಾಣ 'ಹೌದು' ಒತ್ತಿತು. ಹೊರಗೆ ಮೋಟರ್ ಗುಂಯ್ಗುಟ್ಟಿತು.

ರಸೂಲ್ ಎರಡೂ ಕೈ ಮೇಲೆತ್ತಿದ. "ನಾ ಮುಟ್ಟಿಲ್ರಿ."

ಬಾಗಿಲಲ್ಲಿದ್ದ ಮಲ್ಲಮ್ಮ ಫೋಟೋ ನೋಡುತ್ತ ಮೆಲ್ಲಗೆ ಅಂದಳು: "ಅವರ ಬಂದಾರ. ಇದೇ ಹೊತ್ತಿಗಿ ಎತ್ತತಿದ್ರು."

"ಕೆಳಗ ನಿನ್ನ ಮಗ ಅದಾನ, ಯವ್ವಾ," ಎಂದ ರಸೂಲ್, ಗೇಟಿನತ್ತ ಓಡುತ್ತ.

ಭೀಮರಾಯನಿಗೆ ಫೋನ್ ಮಾಡಿದೆ. ವರಾಂಡದಲ್ಲಿ ತೂಗುಹಾಕಿದ್ದ ಅವನ ಅಂಗಿಯೊಳಗೇ ಅದು ರಿಂಗಾಯಿತು. 'ನಿಲ್ಲಿಸು' ಒತ್ತಿದೆ, ಬಾಣ ನನ್ನ ಬೆರಳಿನಿಂದ ಜಾರಿ ಹಿಂದಕ್ಕೆ ಹೋಯಿತು. ಮೌಸ್ ಹಿಡಿದೆ, ಯಾರೋ ಎದುರು ತುದಿಯಿಂದ ಎಳೆದಂತೆ ಅದೇ ಜಾಗಕ್ಕೆ ಮರಳಿತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ rational thinking ಎಲ್ಲ ಆ ಕ್ಷಣ ಕೈಕೊಟ್ಟಿತು.

ನೋಡಲೆಂದು ಮುಂದೆ ಬಾಗಿದೆ. ಬಾಣ ನಿಂತಿತು. ಹಿಂದೆ ಸರಿದೆ. ನಡುಗಿತು. ಆಗ ತಿಳಿಯಿತು, ನಾನು ಬಾಗಿದಾಗ ಟೇಬಲ್ ಫ್ಯಾನಿನ ಗಾಳಿಗೆ ಅಡ್ಡವಾಗುತ್ತಿದ್ದೆ. ಶರಣಪ್ಪನಿಗೆ ಅಂದು ಹಾಕಿದ್ದ ಉದ್ದನೆಯ ಮಾಲೆಯ ತುದಿ ಗಾಜಿನ ಮುಂದೆ, ಗಾಜನ್ನು ಮುಟ್ಟದೆ, ತೂಗುತ್ತಿತ್ತು. ಆ ಸ್ಕ್ರೀನಿಗೆ ಸ್ಪರ್ಶ ಬೇಕಿರಲಿಲ್ಲ. ಅಂಚಿನಿಂದ ಅಂಚಿಗೆ ಕಣ್ಣಿಗೆ ಕಾಣದ ಕಿರಣಗಳು ಹಾಯುತ್ತವೆ. ಅವನ್ನು ತಡೆದದ್ದೆಲ್ಲ ಅದಕ್ಕೆ ಬೆರಳೇ. ಮಾಲೆಯನ್ನು ಮುಷ್ಟಿಯಲ್ಲಿ ಮೇಲೆತ್ತಿ ಹಿಡಿದು 'ನಿಲ್ಲಿಸು' ಒತ್ತಿದೆ. ಮೋಟರ್ ಸುಮ್ಮನಾಯಿತು.

ರಸೂಲನ ಹಿಂದೆ ಭೀಮರಾಯ ಬಂದ, ಸೊಂಟದವರೆಗೆ ತೊಯ್ದಿದ್ದ. "ಯಾರ್ರಿ ಎತ್ತಿದ್ದು?"

ನಾನು ಮಾಲೆ ತೋರಿಸಿದೆ. ಮಲ್ಲಮ್ಮ ಮಗನ ತೋಳು ಹಿಡಿದುಕೊಂಡು ಫೋಟೋ ಕಡೆ ತಿರುಗಿದಳು. "ಇದ್ದಾಗ ಕೆಳಗಿನ ಮಂದಿಗಿ ಕೂಗಿ ಹೇಳಿ ಎತ್ತತಿದ್ರಿ. ಈಗ ಬಾಯಿ ಎಲ್ಲಿ ಹೋಗ್ಯಾದ ನಿಮ್ದು?"

ಆ ಮಾತು ಯಾವ manualನಲ್ಲೂ ಇರಲಿಲ್ಲ. ಫೋಟೋವನ್ನು ಎದುರು ಗೋಡೆಗೆ ಸರಿಸಿದೆವು. ಗೇಟು ಅಲುಗುವ ಮುನ್ನ ಕಾಲುವೆಯುದ್ದಕ್ಕೂ ಹಾರ್ನ್ ಕೂಗುವಂತೆ ಪ್ರೋಗ್ರಾಂ ಬದಲಿಸಿದೆ. ಯಂತ್ರಕ್ಕೆ ಕೈ ಯಾವುದು, ಹೂವು ಯಾವುದು ಗೊತ್ತಾಗದಿದ್ದರೂ, ಕೆಳಗಿರುವವನಿಗೆ ದನಿಯೊಂದು ಮೊದಲು ತಲುಪಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.

ಮುಂದಿನ ಅಮಾವಾಸ್ಯೆಗೆ ಆ ಹಾರ್ನ್ ಮೊದಲ ಸಲ ಕೂಗಿತು. ಮಲ್ಲಮ್ಮ ಕಸಬರಿಗೆ ಕೆಳಗಿಟ್ಟು, ಫೋಟೋ ಕಡೆ ತಿರುಗಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.