ಒಂದು ಸೀರೆಗೆ ಒಬ್ಬ ನೇಕಾರ

ಮೊಳಕಾಲ್ಮೂರಿನ ನೇಕಾರರ ಸಂಘವೊಂದಕ್ಕೆ ನಾನು ಚಳ್ಳಕೆರೆಯ ನನ್ನ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಟ್ಟೆ. ಅದರಲ್ಲಿ ಮೊದಲ ಕೆಲಸ, ಸೀರೆ ಎಂದರೇನು ಎಂದು ಕಂಪ್ಯೂಟರಿಗೆ ಬೋಧಿಸುವುದು. ನಮ್ಮ ಕಸುಬಿನಲ್ಲಿ ಇದಕ್ಕೆ ಮಾಡೆಲ್ ಎನ್ನುತ್ತಾರೆ. ಸೀರೆಗೆ ಬಣ್ಣವುಂಟು, ಅಂಚುಂಟು, ಸೆರಗುಂಟು, ನೇಕಾರನೊಬ್ಬನುಂಟು ಎಂದು ಧರ್ಮಶಾಸ್ತ್ರ ಬರೆಯುವವನ ಗಾಂಭೀರ್ಯದಿಂದ ಬರೆದೆ. ಸಂಘದ ಕಾರ್ಯದರ್ಶಿಗಳು ಹೇಳಿದ್ದೂ ಹಾಗೇ. ನೇಯ್ದವರು ಯಾರೆಂದು ಯಾವ ಮನೆಯಲ್ಲಿ ವಿಚಾರಿಸಿದರೂ ಹೆಂಡತಿಯೇ ಗಂಡನ ಕಡೆ ಕೈ ತೋರಿಸುತ್ತಿದ್ದಳು.

ಆದರೆ ಅಲ್ಲಿಯ ದೊಡ್ಡಂಚಿನ ಸೀರೆಗೆ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಡಲಿನ ಲಾಳಿ, ಈಚೆ ಅಂಚಿನ ಲಾಳಿ ಗಂಡನ ಕೈಲಿ. ಆಚೆ ಅಂಚಿನದು ಪಕ್ಕದಲ್ಲಿ ಕೂತ ಹೆಂಡತಿಯ ಕೈಲಿ.

ವೆಬ್‌ಸೈಟ್ ಶುರುವಾದ ಹೊಸದರಲ್ಲಿ ಒಂದು ಮನೆಯವರಿಗೆ ಅವರದೇ ಸೀರೆಯನ್ನು ಮೊಬೈಲಿನಲ್ಲಿ ತೋರಿಸಿದೆ. ಕೆಳಗೆ ಗಂಡನ ಹೆಸರಿತ್ತು.

"ಏಮಂಡೀ, ನೀವೊಬ್ರೇ ನೇಯ್ದಿದ್ದಂತೆ! ನಾನೇನು ಸೊಳ್ಳೆ ಹೊಡೀತಾ ಕೂತಿದ್ನಾ?" ಎಂದರು ಆ ಮನೆಯಾಕೆ.

"ಕಂಪ್ಯೂಟರೇ ಹೇಳ್ತೈತಲ್ಲೇ," ಎಂದು ಗಂಡ ಮೀಸೆ ತಿರುವಿದರು.

ಆಕೆ ನಗಲಿಲ್ಲ. ನನ್ನ ಕಡೆ ತಿರುಗಿ, "ನನ್ನ ಹೆಸರೂ ಹಾಕಪ್ಪಾ. ತವರಿನೋರು ನೋಡ್ಲಿ," ಎಂದರು.

ಕಾರ್ಯದರ್ಶಿಗಳ ಮುಂದಿಟ್ಟೆ. "ಒಂದು ಸೀರೆಗೆ ಇಬ್ರಾ? ನಾಳೆ ಬಣ್ಣ ಹಾಕಿದೋನೂ ಬರ್ತಾನ್ರೀ! ಮದುವೆ ಸೀಸನ್ನು, ಸೈಟ್ ಮುಟ್ಟಬ್ಯಾಡ್ರಿ," ಎಂದರು. ನಮ್ಮ ಕಡೆ ಮದುವೆ ಸೀಸನ್ ಮುಗಿದಿದ್ದನ್ನು ಕಂಡವರಿಲ್ಲ. ಆಕೆ ಕೇಳಿದಾಗಲೆಲ್ಲ ನಾನು, "ಆಗ್ತೈತಮ್ಮಾ," ಎನ್ನುತ್ತ ವರ್ಷಗಳು ಹೋದವು.

ಕೊನೆಗೆ ದಾರಿ ಮಾಡಿಕೊಟ್ಟಿದ್ದು, ಸೈಟ್ ಕಟ್ಟಲು ಬಳಸಿದ್ದ ಫ್ರೇಮ್‌ವರ್ಕ್ ಎಂಬ ಸಿದ್ಧ ತಂತ್ರಾಂಶ. ಅದರ ಹೊಸ ಆವೃತ್ತಿಯಲ್ಲಿ ಮಾಡೆಲ್ ಬರೆಯುವ ಹಳೆಯ ಕ್ರಮ ನಡೆಯುವುದಿಲ್ಲವೆಂದು ಅಪ್ಪಣೆಯಾಯಿತು. ಎಲ್ಲವನ್ನೂ ಬರೆಯಬೇಕು, ಹೊಸದಾಗಿ. ಯಾರೋ ಎಲ್ಲೋ ಕೂತು ಹೊರಡಿಸಿದ ಈ ಆಜ್ಞೆಯೆದುರು ಕಾರ್ಯದರ್ಶಿಗಳ ವಾದವೂ ನಡೆಯಲಿಲ್ಲ. ನಾನು ನೇಕಾರನನ್ನು ಸೀರೆಯ ಮಾಡೆಲ್‌ನಿಂದ ಬಿಡಿಸಿ ಬೇರೆ ಮಾಡೆಲ್ ಮಾಡಿದೆ. ಎರಡರ ನಡುವೆ ಇನ್ನೊಂದನ್ನು ಕೂಡಿಸಿದೆ: ಯಾರು, ಯಾವ ಸೀರೆ, ಯಾವ ಲಾಳಿ. ಈಗ ಒಂದು ಸೀರೆಗೆ ಎಷ್ಟು ಜನರಾದರೂ ಇರಬಹುದು. ಹಳೆಯ ಸೀರೆಗಳು ಮಾತ್ರ ಒಂದೊಂದೇ ಹೆಸರು ಹೊತ್ತು ಹೊಸ ಮಾಡೆಲ್‌ಗೆ ಬಂದವು.

ಶುಭವಾರ್ತೆ ಹೊತ್ತ ರಾಜದೂತನ ಠೀವಿಯಲ್ಲಿ ಬಸ್ಸು ಹತ್ತಿದೆ. ಆ ಮನೆಗೆ ಹೋದರೆ, ಮಗ್ಗದಲ್ಲಿ ಮಾವನ ಪಕ್ಕ ಕೂತಿದ್ದಳು ಸೊಸೆ. ಹೆಸರು ಕೇಳಿದ್ದ ಆಕೆ ಹೊಸ್ತಿಲ ಬಳಿ ಇದ್ದರು.

"ಕಣ್ಣು ಮಂಜಾಗೈತಪ್ಪಾ. ಎಳೆ ಕಾಣಲ್ಲ."

"ಈಗ ಇಬ್ಬರ ಹೆಸರೂ ಹಾಕಬಹುದಮ್ಮಾ," ಎಂದೆ.

"ಹಂಗಾದ್ರೆ ಇವಳದು ಹಾಕು."

"ನಿಮ್ಮ ಹಳೇ ಸೀರೆಗಳಿಗೂ ನಿಮ್ಮ ಹೆಸರು ಹಾಕ್ತೀನಿ."

"ಅವನ್ನೆಲ್ಲಾ ಯಾರ್ಯಾರೋ ಉಟ್ಟಾಯ್ತು. ತವರಲ್ಲಿ ನೋಡೋಕೆ ಅಣ್ಣ ಒಬ್ಬ ಇದ್ದ. ಅವನೂ ಹೋದ."

ಲಾಳಿಯ ಸದ್ದು ನಿಂತಿತು. ಮೀಸೆ ತಿರುವಿದ್ದ ಅದೇ ಗಂಡ, "ಹಾಕ್ರೀ. ಎಲ್ಲಕ್ಕೂ ಹಾಕ್ರಿ," ಎಂದರು.

ಹಾಕಿದೆ. ಮುಂದಿನ ಸಲ ಹೋದಾಗ ಪುಟ ತೆರೆದು ಮೊಬೈಲನ್ನು ಆಕೆಯ ಕೈಗೆ ಕೊಟ್ಟೆ. ಮೂಗಿನ ಹತ್ತಿರ ತಂದರು, ತೋಳುದ್ದ ದೂರ ಹಿಡಿದರು. ಆಮೇಲೆ ನನಗೇ ಮರಳಿಸಿ, "ಎಲ್ಲೈತೆ ಅಂತ ನೀನೇ ಓದಿ ಹೇಳಪ್ಪಾ," ಎಂದರು.